ಪ್ರೋಗ್ರಾಂಗಳಿಗೆ ಮಡಿ ಯಾಕೆ?

ಓಎಸ್/2 ಎಂಬ ಆಪರೇಟಿಂಗ್ ಸಿಸ್ಟಂ ಯಾಕೆ ಸತ್ತಿತು ಎಂದು ಕಂಪ್ಯೂಟರ್ ಬಲ್ಲ ಹಳಬರನ್ನು ಕೇಳಿ ನೋಡಿ. ಬಹಳಷ್ಟು ಮಂದಿಯ ಬಾಯಲ್ಲಿ ಒಂದೇ ಉತ್ತರ ಸಿದ್ಧವಾಗಿರುತ್ತದೆ: ಅದು ವಿಂಡೋಸ್ ಪ್ರೋಗ್ರಾಂಗಳನ್ನು ತುಂಬ ಚೆನ್ನಾಗಿ ನಡೆಸುತ್ತಿತ್ತು, ಅದಕ್ಕೇ ಸತ್ತಿತು. ಐಬಿಎಂ 1992ರಲ್ಲಿ ಅದರ ಎರಡನೇ ಆವೃತ್ತಿಯನ್ನು ತಂದಾಗ, ವಿಂಡೋಸ್ ಪ್ರೋಗ್ರಾಂಗಳನ್ನು ವಿಂಡೋಸ್‌ಗಿಂತ ಚೆನ್ನಾಗಿ ನಡೆಸುತ್ತೇವೆ ಎಂದು ಡಂಗುರ ಹೊಡೆಸಿತ್ತು. ಹಾಗಿದ್ದ ಮೇಲೆ ಓಎಸ್/2ಗೆಂದೇ ಬೇರೆ ಪ್ರೋಗ್ರಾಂ ಬರೆಯುವ ಉಸಾಬರಿ ಯಾರಿಗೆ ಬೇಕು? ವಿಂಡೋಸ್‌ಗೆ ಬರೆದರೆ ಎರಡೂ ಕಡೆ ನಡೆಯುತ್ತದಲ್ಲ. ಹೀಗಾಗಿ ಯಾರೂ ಬರೆಯಲಿಲ್ಲ, ಓಎಸ್/2 ಒಣಗಿಹೋಯಿತು.

ಇದು ಬರೀ ಕತೆಯಾಗಿ ಉಳಿಯದೆ ಶಾಸ್ತ್ರವಾಗಿಬಿಟ್ಟಿದೆ. ಒಂದು ಆಪರೇಟಿಂಗ್ ಸಿಸ್ಟಂನ ಪ್ರೋಗ್ರಾಂ ಇನ್ನೊಂದಕ್ಕೆ ಬರಬೇಕಾದರೆ ಅದರ ಮೂಲ ಕೋಡನ್ನು ಬಿಚ್ಚಿ, ಹೊಸ ಸಿಸ್ಟಂಗೆ ಒಗ್ಗುವಂತೆ ತಿದ್ದಿ, ಅಲ್ಲಿಯೇ ಕಂಪೈಲ್ ಮಾಡಬೇಕು, ಅಂದರೆ ಯಂತ್ರ ನಡೆಸಬಲ್ಲ ರೂಪಕ್ಕೆ ತಿರುಗಿಸಬೇಕು. ಅದೇ ನಿಜವಾದ ಪೋರ್ಟ್ ಎನ್ನುತ್ತಾರೆ. ಹಳೆಯ ಪ್ರೋಗ್ರಾಮನ್ನು ಇದ್ದ ಹಾಗೆಯೇ ನಡೆಸಿಕೊಡುವ ಪದರಗಳು (ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಅಂಥದೊಂದು) ಬರೀ ತೇಪೆ ಕೆಲಸ, ಅವು ಇರುವಷ್ಟು ದಿನ ನಿಜವಾದ ಪೋರ್ಟ್ ಹುಟ್ಟುವುದಿಲ್ಲ ಎಂಬುದು ವಾದ. ಲಿನಕ್ಸ್ ಬಳಗದಲ್ಲಿ ಈ ನಂಬಿಕೆ ಬೇರೂರಿರುವ ಪರಿ ನೋಡಿದರೆ ಅದನ್ನು ಮಡಿ ಎಂದೇ ಕರೆಯಬೇಕು. ಅಲ್ಲೇ ಕಂಪೈಲ್ ಆದದ್ದು ಮಡಿ, ಪದರದ ಮೂಲಕ ಬಂದದ್ದು ಮೈಲಿಗೆ. ಅಡುಗೆ ಹೇಗಾಗಿದೆ ಎಂದು ರುಚಿ ನೋಡುವವರಿಲ್ಲ. ಮಾಡಿದವರು ಒದ್ದೆ ಬಟ್ಟೆ ಉಟ್ಟಿದ್ದರೇ ಎಂಬುದಷ್ಟೇ ವಿಚಾರಣೆ.

ನನ್ನ ತಕರಾರು ಇರುವುದು ಇಲ್ಲಿಯೇ. ಒಂದು ಪ್ರೋಗ್ರಾಂ ಹೊಸ ಸಿಸ್ಟಂನಲ್ಲಿ ಬಾಳುತ್ತದೋ ಇಲ್ಲವೋ ಎಂಬುದು ಅದು ಎಲ್ಲಿ ಕಂಪೈಲ್ ಆಯಿತು ಎಂಬುದರ ಮೇಲೆ ನಿಂತಿಲ್ಲ. ನಾಳೆ ಅದು ಕೆಟ್ಟಾಗ ರಿಪೇರಿ ಯಾರದು, ಮತ್ತು ಬಳಸುವವನ ಫೈಲುಗಳೂ ಕೈರೂಢಿಯೂ ಅದರ ಜೊತೆಗೆ ಬಂದವೇ ಎಂಬ ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಈ ಎರಡಕ್ಕೂ ಉತ್ತರವಿಲ್ಲದ ಮಡಿ ಪೋರ್ಟ್‌ಗಿಂತ ಉತ್ತರವಿರುವ ಮೈಲಿಗೆ ಪದರವೇ ಮೇಲು.

ಮೊದಲು ಓಎಸ್/2 ಕತೆಯನ್ನೇ ತೆಗೆದುಕೊಳ್ಳೋಣ. ಹಿಂದಿನ ಸಿಸ್ಟಂನ ಪ್ರೋಗ್ರಾಂಗಳನ್ನು ನಡೆಸಿದರೆ ಹೊಸ ಸಿಸ್ಟಂ ಸಾಯುತ್ತದೆ ಎಂಬುದು ನಿಜವಾಗಿದ್ದರೆ ಮೊಟ್ಟಮೊದಲು ಸಾಯಬೇಕಾಗಿದ್ದುದು ವಿಂಡೋಸ್. 1990ರಲ್ಲಿ ಬಂದ ವಿಂಡೋಸ್ 3.0ನ್ನು ಜನ ಕೊಂಡದ್ದಕ್ಕೆ ಒಂದು ದೊಡ್ಡ ಕಾರಣ, ಅದರೊಳಗೆ ಅವರ ಡಾಸ್ ಪ್ರೋಗ್ರಾಂಗಳು ಹಾಗೆಯೇ ನಡೆಯುತ್ತಿದ್ದವು, ಒಂದಲ್ಲ, ನಾಲ್ಕಾರು ಒಟ್ಟಿಗೆ. ಡಾಸ್‌ಗೆ ಬರೆದರೆ ಎರಡೂ ಕಡೆ ನಡೆಯುತ್ತದಲ್ಲ ಎಂದು ಪ್ರೋಗ್ರಾಂ ಬರೆಯುವವರು ಕೈಕಟ್ಟಿ ಕೂರಲಿಲ್ಲ. ವಿಂಡೋಸ್‌ಗೆ ಬರೆಯಲು ಸಾಲುಗಟ್ಟಿದರು. 1993ರ ವಿಂಡೋಸ್ ಎನ್‌ಟಿ ಕೂಡ ಹಳೆಯ 16 ಬಿಟ್ ವಿಂಡೋಸ್ ಪ್ರೋಗ್ರಾಂಗಳನ್ನು ಒಂದು ಪದರ ಹಾಕಿಯೇ ನಡೆಸಿತು. ಅದೂ ಸಾಯಲಿಲ್ಲ, ಇವತ್ತಿನ ವಿಂಡೋಸ್ ಅದರದೇ ಸಂತಾನ. ಒಂದೇ ಮದ್ದು ಒಬ್ಬನನ್ನು ಕೊಂದು ಇಬ್ಬರನ್ನು ಬದುಕಿಸಿದೆ ಎಂದಾದರೆ, ಸತ್ತವನ ಸಾವಿಗೆ ಬೇರೆ ಕಾರಣ ಹುಡುಕಬೇಕು.

ಹುಡುಕಲು ದೂರ ಹೋಗಬೇಕಿಲ್ಲ. ಓಎಸ್/2 ನೆಟ್ಟಗೆ ಓಡಲು ಬೇಕಿದ್ದಷ್ಟು ಮೆಮೊರಿ ಆಗಿನ ಸಾಮಾನ್ಯ ಪಿಸಿಗಳಲ್ಲಿ ಇರಲಿಲ್ಲ, ಹಾಕಿಸಲು ಹೋದರೆ ಅದು ಚಿನ್ನದ ಬೆಲೆ. ಹೊಸ ಪಿಸಿ ಕೊಂಡವನಿಗೆ ವಿಂಡೋಸ್ ಒಳಗೇ ತುಂಬಿಕೊಂಡು ಬರುತ್ತಿತ್ತು, ಓಎಸ್/2ನ್ನು ಸಾಮಾನ್ಯವಾಗಿ ಬೇರೆಯಾಗಿ ಕೊಳ್ಳಬೇಕಿತ್ತು. ಸ್ವತಃ ಐಬಿಎಂನ ಪಿಸಿ ವಿಭಾಗಕ್ಕೇ ವಿಂಡೋಸ್ ಇಲ್ಲದೆ ಗತಿಯಿರಲಿಲ್ಲ. ಅಮೆರಿಕ ಸರ್ಕಾರ ಮೈಕ್ರೋಸಾಫ್ಟ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಾಧೀಶ ಜಾಕ್ಸನ್ 1999ರಲ್ಲಿ ದಾಖಲಿಸಿದ ಸಂಗತಿಗಳಲ್ಲಿ ಇದೂ ಒಂದು: ವಿಂಡೋಸ್ 95ರ ಲೈಸೆನ್ಸ್ ಐಬಿಎಂ ಕೈಗೆ ಬಂದದ್ದು 1995ರ ಆಗಸ್ಟ್ 24ರಂದು, ಬಿಡುಗಡೆಗೆ ಹದಿನೈದು ನಿಮಿಷ ಇರುವಾಗ. ಎದುರಾಳಿಯ ಸರಕನ್ನು ಪಡೆಯಲು ಕೊನೆಯ ಹದಿನೈದು ನಿಮಿಷದವರೆಗೆ ಬಾಗಿಲಲ್ಲಿ ನಿಲ್ಲಬೇಕಾದ ಕಂಪನಿಯ ಸೋಲನ್ನು ವಿಂಡೋಸ್ ಪ್ರೋಗ್ರಾಂ ನಡೆಸುತ್ತಿದ್ದ ಒಂದು ಸೌಲಭ್ಯದ ತಲೆಗೆ ಕಟ್ಟುವುದು ಅನ್ಯಾಯ.

ಓಎಸ್/2ಗೆ ಯಾರೂ ಬರೆಯಲಿಲ್ಲ ಎಂಬುದೂ ಸುಳ್ಳು. ಲೋಟಸ್ ಕಂಪನಿ ತನ್ನ ಹೆಸರಾಂತ 1-2-3 ಲೆಕ್ಕದ ಹಾಳೆಯ ಗ್ರಾಫಿಕ್ ಆವೃತ್ತಿಯನ್ನು 1990ರಲ್ಲಿ ಮೊದಲು ತಂದದ್ದು ಓಎಸ್/2ಗೇ. ಶುದ್ಧ ಮಡಿ. ವಿಂಡೋಸ್ ಆವೃತ್ತಿ ಬರುವಾಗ 1991. ಎಕ್ಸೆಲ್ ಆದರೋ 1987ರಿಂದಲೇ ವಿಂಡೋಸ್‌ನಲ್ಲಿ ಕಾಲೂರಿತ್ತು. ಓಎಸ್/2ಗೆ ನಿಷ್ಠೆಯಿಂದ ಬರೆದ ಲೋಟಸ್‌ಗೆ ಸಿಕ್ಕಿದ ಪ್ರತಿಫಲ, ತನ್ನದೇ ಮಾರುಕಟ್ಟೆ ಕೈತಪ್ಪಿದ್ದು. ಬಳಸುವ ಜನ ಯಾವ ಕಡೆಗಿದ್ದಾರೆ ಎಂದು ನೋಡದೆ ಮಾಡಿದ ಪೋರ್ಟ್ ಎಷ್ಟು ಮಡಿಯಾಗಿದ್ದರೂ ಅಷ್ಟೆ.

ಮಡಿಯ ಪಾಠವನ್ನು ದುಬಾರಿ ಬೆಲೆಗೆ ಕಲಿತ ಇನ್ನೊಂದು ಕಂಪನಿ ಆಪಲ್. ನೆಕ್ಸ್ಟ್ ಕಂಪನಿಯನ್ನು ಕೊಂಡ ಮೇಲೆ 1997ರಲ್ಲಿ ಆಪಲ್ ರ‍್ಯಾಪ್ಸೊಡಿ ಎಂಬ ಹೊಸ ಸಿಸ್ಟಂನ ಯೋಜನೆ ಮುಂದಿಟ್ಟಿತು. ಅದರ ಪೂರ್ತಿ ಸವಲತ್ತು ಬೇಕಾದವರು ತಮ್ಮ ಪ್ರೋಗ್ರಾಂಗಳನ್ನು ನೆಕ್ಸ್ಟ್ ಶೈಲಿಯಲ್ಲಿ ಹೊಸದಾಗಿ ಬರೆಯಬೇಕು ಎಂಬುದು ಷರತ್ತು. ಅಡೋಬ್, ಮೈಕ್ರೋಸಾಫ್ಟ್‌ನಂಥ ದೊಡ್ಡ ಕುಳಗಳು ತಲೆ ಅಲ್ಲಾಡಿಸಲಿಲ್ಲ. ಲಕ್ಷಾಂತರ ಸಾಲುಗಳ ಕೋಡನ್ನು ಎಸೆದು ಮತ್ತೆ ಮೊದಲಿನಿಂದ ಬರೆಯಿರಿ, ಅದೂ ಮುಳುಗುತ್ತಿದೆ ಎಂದು ಎಲ್ಲರೂ ನಂಬಿದ್ದ ಕಂಪನಿಗಾಗಿ ಎಂದರೆ ಯಾರು ಒಪ್ಪುತ್ತಾರೆ? 1998ರಲ್ಲಿ ಆಪಲ್ ಪಟ್ಟು ಸಡಿಲಿಸಿ ಕಾರ್ಬನ್ ಎಂಬ ದಾರಿ ತೆರೆಯಿತು: ಹಳೆಯ ಮ್ಯಾಕ್ ಕೋಡನ್ನು ಬಹುಪಾಲು ಹಾಗೆಯೇ ಉಳಿಸಿಕೊಂಡು, ಅಲ್ಲಲ್ಲಿ ತಿದ್ದಿ ಹೊಸ ಸಿಸ್ಟಂಗೆ ತರಬಹುದು. ಅಷ್ಟನ್ನೂ ಮಾಡದವರಿಗೆ ಕ್ಲಾಸಿಕ್ ಎಂಬ ಪದರ. ಅದರೊಳಗೆ ಹಳೆಯ ಮ್ಯಾಕ್ ಇಡಿಯಾಗಿ ಕೂತಿತ್ತು.

ಮ್ಯಾಕ್ ಓಎಸ್ ಎಕ್ಸ್ 2001ರ ಮಾರ್ಚ್‌ನಲ್ಲಿ ಬಂತು. ಹೊಸ ಸಿಸ್ಟಂಗೆ ಹೊಂದುವ ಫೋಟೋಶಾಪ್ ಬಂದದ್ದು 2002ರಲ್ಲಿ, ಏಳನೇ ಆವೃತ್ತಿಯಾಗಿ. ನಡುವಿನ ಒಂದು ವರ್ಷ ಹೊಸ ಸಿಸ್ಟಂನಲ್ಲಿ ಫೋಟೋಶಾಪ್ ಬೇಕೆಂದವರು ಕ್ಲಾಸಿಕ್ ಪದರದೊಳಗೇ ಕೆಲಸ ಮಾಡಬೇಕಿತ್ತು. ಶಾಸ್ತ್ರದ ಪ್ರಕಾರ ಪದರ ಇದ್ದದ್ದರಿಂದ ಅಡೋಬ್‌ನವರು ಪೋರ್ಟ್ ಮಾಡುವ ಗೋಜಿಗೇ ಹೋಗಬಾರದಿತ್ತು. ಹೋದರು. ಬಳಸುವವರು ಹೊಸ ಸಿಸ್ಟಂನಲ್ಲಿ ಇದ್ದರು, ಕಾಸು ಕೊಡುವವರೂ ಅವರೇ ಆಗಿದ್ದರು, ಅದಕ್ಕೆ ಹೋದರು. ಪದರ ಮಾಡಿದ ಉಪಕಾರವೆಂದರೆ ಆ ಬಳಕೆದಾರರು ಅಲ್ಲಿಯವರೆಗೆ ಊರು ಬಿಡದಂತೆ ನೋಡಿಕೊಂಡದ್ದು. ಕಾರ್ಬನ್‌ಗೆ 64 ಬಿಟ್ ಭಾಗ್ಯವಿಲ್ಲ ಎಂದು ಆಪಲ್ 2007ರಲ್ಲಿ ತೀರ್ಮಾನಿಸಿದ ಮೇಲೂ ಹೀಗೇ ಆಯಿತು: ಬಳಕೆದಾರರು ಹಳೆಯ ದಾರಿಯಲ್ಲೇ ಕಾದರು, ಹೊಸದಾಗಿ ಬರೆದದ್ದು ತಡವಾಗಿ ಬಂತು. 2008ರಲ್ಲಿ ಬಂದ ಸಿಎಸ್4 ಫೋಟೋಶಾಪ್ ವಿಂಡೋಸ್‌ನಲ್ಲಿ ಮಾತ್ರ 64 ಬಿಟ್, ಮ್ಯಾಕ್‌ನವರು 2010ರ ಸಿಎಸ್5ರವರೆಗೆ ಕಾಯಬೇಕಾಯಿತು. ಫೋಟೋಶಾಪ್ ಹುಟ್ಟಿದ್ದೇ ಮ್ಯಾಕ್‌ನಲ್ಲಿ ಎಂಬುದನ್ನು ನೆನಪಿಟ್ಟುಕೊಂಡು ಇದನ್ನು ಓದಬೇಕು. ತವರಿನಲ್ಲೇ ಹೊಸದಾಗಿ ಬರೆಯಲು ಅಷ್ಟು ಕಾಲ ಹಿಡಿದರೆ, ಪರಸ್ಥಳದ ಸಿಸ್ಟಂಗೆ ಬರೆದುಕೊಡಿ ಎಂದು ಕೇಳುವವರು ಎಷ್ಟು ದೊಡ್ಡದನ್ನು ಕೇಳುತ್ತಿದ್ದಾರೆ ಎಂದು ಅವರಿಗೇ ಗೊತ್ತಿರುವುದಿಲ್ಲ.

ಇನ್ನು, ಮಡಿಯಾಗಿಯೇ ಬಂದು ಬೈಸಿಕೊಂಡ ಪೋರ್ಟ್ ಒಂದನ್ನು ನೋಡಬೇಕು. ಮ್ಯಾಕ್ ಬಳಕೆದಾರರಿಗೆ ಮೈಕ್ರೋಸಾಫ್ಟ್ ವರ್ಡ್ 5.1 ಎಂದರೆ ಪ್ರಾಣ. ಚಿಕ್ಕದು, ಚುರುಕು, ಮ್ಯಾಕ್‌ನ ಮೆನು, ಮ್ಯಾಕ್‌ನ ನಡೆ. ವಿಂಡೋಸ್‌ಗೊಂದು, ಮ್ಯಾಕ್‌ಗೊಂದು ಕೋಡ್ ಸಾಕುವುದು ದಂಡ ಎಂದು ಕಂಪನಿ 1994ರಲ್ಲಿ ವಿಂಡೋಸ್‌ನ ವರ್ಡ್ 6ರ ಕೋಡನ್ನೇ ಮ್ಯಾಕ್‌ಗೆ ತಂದು ಕಂಪೈಲ್ ಮಾಡಿ ಮಾರಿತು. ಎಮ್ಯುಲೇಟರ್ ಇಲ್ಲ. ಮ್ಯಾಕ್ ಯಂತ್ರದ ಸ್ವಂತ ಪ್ರೋಗ್ರಾಂ. ಆದರೂ ಜನ ಕೆಂಡವಾದರು. ಆಗಿನ ಮ್ಯಾಕ್‌ಗಳ ಕಡಿಮೆ ಮೆಮೊರಿಯಲ್ಲಿ ಅದು ತೆವಳುತ್ತಿತ್ತು. ಟೂಲ್‌ಬಾರಿನಿಂದ ಡಯಲಾಗ್ ಪೆಟ್ಟಿಗೆಯವರೆಗೆ ಎಲ್ಲದರಲ್ಲೂ ವಿಂಡೋಸ್‌ನ ವಾಸನೆ. ಬಹಳ ಮಂದಿ ವರ್ಷಗಟ್ಟಲೆ 5.1ನ್ನೇ ಹಿಡಿದುಕೊಂಡು ಕೂತರು. ಕಂಪನಿ 1997ರಲ್ಲಿ ಮ್ಯಾಕ್‌ಗೆಂದೇ ಪ್ರತ್ಯೇಕ ವಿಭಾಗ ಕಟ್ಟಿ, ಅಲ್ಲಿಂದ ಆಫೀಸ್ 98 ಹೊರಬಂದ ಮೇಲೆಯೇ ಆ ಸಿಟ್ಟು ಇಳಿದದ್ದು. ಆಫೀಸ್ 98 ಸುಧಾರಿಸಿದ್ದು ಕಂಪೈಲರ್ ಬದಲಾದದ್ದರಿಂದಲ್ಲ. ಮ್ಯಾಕ್ ಬಳಸುವವನ ಕೈ ಎಲ್ಲಿಗೆ ಹೋಗುತ್ತದೆ ಎಂದು ಬಲ್ಲವರು ಅದೇ ಕೆಲಸಕ್ಕೆಂದು ಕೂತದ್ದರಿಂದ.

ಆ ಕೈರೂಢಿ ಎಂದರೇನು ಎಂಬುದಕ್ಕೆ ಒಂದೇ ಉದಾಹರಣೆ. ವಿಂಡೋಸ್‌ನ ಡಯಲಾಗ್ ಪೆಟ್ಟಿಗೆಯಲ್ಲಿ ಓಕೆ ಮೊದಲು, ಅದರ ಬಲಕ್ಕೆ ಕ್ಯಾನ್ಸಲ್. ಮ್ಯಾಕ್‌ನಲ್ಲಿ ಓಕೆ ಬಲತುದಿಗೆ, ಅದರ ಎಡಕ್ಕೆ ಕ್ಯಾನ್ಸಲ್. ವರ್ಷಗಳಿಂದ ಒಂದು ಸಿಸ್ಟಂನಲ್ಲಿ ಕೆಲಸ ಮಾಡಿದವನು ಓದಿ ಒತ್ತುವುದಿಲ್ಲ, ಕೈ ತಾನಾಗಿ ಹೋಗುತ್ತದೆ. ಪೋರ್ಟ್ ಮಾಡಿದವನು ಗುಂಡಿಗಳನ್ನು ಅದಲುಬದಲು ಮಾಡಲು ಮರೆತರೆ, ಉಳಿಸಬೇಕಾದ ಪತ್ರ ಉಳಿಯುವುದಿಲ್ಲ. ಇಂಥವು ಒಂದು ಪ್ರೋಗ್ರಾಂನಲ್ಲಿ ನೂರಾರು. ಕಂಪೈಲರ್ ಇವುಗಳಲ್ಲಿ ಒಂದನ್ನೂ ತಪ್ಪೆಂದು ತೋರಿಸುವುದಿಲ್ಲ.

ಲಿನಕ್ಸ್‌ನ ಕತೆಗೆ ಬರೋಣ. ವಾಣಿಜ್ಯ ಆಟಗಳನ್ನು ಲಿನಕ್ಸ್‌ಗೆ ಮಡಿಯಾಗಿ ಪೋರ್ಟ್ ಮಾಡಲೆಂದೇ 1998ರಲ್ಲಿ ಲೋಕಿ ಸಾಫ್ಟ್‌ವೇರ್ ಎಂಬ ಕಂಪನಿ ಹುಟ್ಟಿತು. ಸಿವಿಲೈಸೇಷನ್ ಕಾಲ್ ಟು ಪವರ್, ರೈಲ್‌ರೋಡ್ ಟೈಕೂನ್ 2, ಸಿಮ್‌ಸಿಟಿ 3000 ಎಲ್ಲವನ್ನೂ ತಂದಿತು, ಕೆಲಸವೂ ಅಚ್ಚುಕಟ್ಟು. ಕೊಳ್ಳುವವರು ಸಾಲಲಿಲ್ಲ. 2002ರ ಜನವರಿಯಲ್ಲಿ ಬಾಗಿಲು ಹಾಕಿತು. ಬಾಗಿಲು ಹಾಕಿದ ಮೇಲೆ ಆ ಆಟಗಳಿಗೆ ದಿಕ್ಕಿಲ್ಲ. ಲಿನಕ್ಸ್‌ನ ಲೈಬ್ರರಿಗಳು ಬದಲಾಗುತ್ತ ಹೋದ ಹಾಗೆ ಒಂದೊಂದೇ ಏಳದೆ ಮಲಗಿದವು. ಲೋಕಿಯಿಂದ ಉಳಿದದ್ದು ಏನು? ಅಲ್ಲಿದ್ದ ಸ್ಯಾಮ್ ಲಾಂಟಿಂಗಾ ಕಟ್ಟಿದ ಎಸ್‌ಡಿಎಲ್, ಅಲ್ಲೇ ಶುರುವಾದ ಓಪನ್‌ಎಎಲ್. ಪರದೆ, ಕೀಲಿಮಣೆ, ಸದ್ದು ಇವನ್ನು ಯಾವ ಸಿಸ್ಟಂ ಆದರೂ ಒಂದೇ ರೀತಿ ಒದಗಿಸುವ ಪದರಗಳು ಅವು. ಎಸ್‌ಡಿಎಲ್ ಇಲ್ಲದ ಆಟಗಳ ಲೋಕ ಇವತ್ತು ಊಹೆಗೆ ಸಿಗುವುದಿಲ್ಲ. ಪೋರ್ಟ್‌ಗಳು ಹೋದವು, ಪದರ ಉಳಿಯಿತು.

ಹದಿಮೂರು ವರ್ಷದ ಮೇಲೆ ಇದೇ ನಾಟಕ ದೊಡ್ಡ ರಂಗದಲ್ಲಿ ನಡೆಯಿತು. ವಾಲ್ವ್ ಕಂಪನಿ ತನ್ನ ಸ್ಟೀಮ್ ಅಂಗಡಿಯನ್ನು 2013ರಲ್ಲಿ ಲಿನಕ್ಸ್‌ಗೆ ತಂದು, 2015ರ ನವೆಂಬರ್‌ನಲ್ಲಿ ಸ್ಟೀಮ್ ಮಷೀನ್ ಎಂಬ ಲಿನಕ್ಸ್ ಪೆಟ್ಟಿಗೆಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಆಟ ಮಾಡುವವರು ಲಿನಕ್ಸ್‌ಗೆಂದು ಪೋರ್ಟ್ ಮಾಡುತ್ತಾರೆ ಎಂಬುದು ಆಗಿನ ಲೆಕ್ಕ. ಕೆಲವರು ಮಾಡಿದರು, ಅದೂ ಒಲ್ಲದ ಮನಸ್ಸಿನಿಂದ. ಪೆಟ್ಟಿಗೆಗಳು ಮಕಾಡೆ ಮಲಗಿದವು. ವಾಲ್ವ್ ದಾರಿ ಬದಲಿಸಿ 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಹೊರತಂದಿತು. ವೈನ್, ಅದರ ಜೊತೆಗೆ ವಿಂಡೋಸ್‌ನ ಡೈರೆಕ್ಟ್3ಡಿ ಗ್ರಾಫಿಕ್ಸ್ ಆಜ್ಞೆಗಳನ್ನು ಲಿನಕ್ಸ್‌ನಲ್ಲಿ ನಡೆಯುವ ವಲ್ಕನ್ ಆಜ್ಞೆಗಳಾಗಿ ತಿರುಗಿಸುವ ಡಿಎಕ್ಸ್‌ವಿಕೆ, ಇವೆರಡನ್ನು ಸೇರಿಸಿ ಕಟ್ಟಿದ ಪದರ ಅದು. ಅದನ್ನೇ ನಂಬಿ 2022ರ ಫೆಬ್ರವರಿಯಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಂತ್ರ ಗೆದ್ದಿತು. ಲಿನಕ್ಸ್ ಎಂಬ ಹೆಸರೇ ಕೇಳದ ಜನರ ಕೈಗೆ ಲಿನಕ್ಸ್ ಹೋದದ್ದು ಹೀಗೆ, ಮೈಲಿಗೆಯ ಹಾದಿಯಲ್ಲಿ.

ರಾಕೆಟ್ ಲೀಗ್ ಎಂಬ ಆಟಕ್ಕೆ ಲಿನಕ್ಸ್‌ನ ಸ್ವಂತ ಆವೃತ್ತಿ ಇತ್ತು, ಮ್ಯಾಕ್‌ನದೂ ಇತ್ತು. ಅದನ್ನು ಮಾಡಿದವರು 2020ರ ಮಾರ್ಚ್‌ನಲ್ಲಿ ಎರಡನ್ನೂ ಕೈಬಿಟ್ಟರು. ಆಡುವವರಲ್ಲಿ ಆ ಪಾಲು ತೀರ ಸಣ್ಣದಾಗಿತ್ತು. ಲಿನಕ್ಸ್‌ನಲ್ಲಿ ಆಡುತ್ತಿದ್ದವರಿಗೆ ಉಳಿದ ದಾರಿ, ವಿಂಡೋಸ್ ಆವೃತ್ತಿಯನ್ನು ಪ್ರೋಟಾನ್‌ನಲ್ಲಿ ಹಾಕಿ ಆಡುವುದು. ಮಡಿ ಪೋರ್ಟ್‌ನ ಆಯುಸ್ಸು ಅದನ್ನು ಮಾಡಿದ ಕಂಪನಿಯ ಲೆಕ್ಕಪತ್ರದಲ್ಲಿರುತ್ತದೆ. ಪದರದ ಆಯುಸ್ಸು ಹಾಗಲ್ಲ. ಅಲ್ಲಿ ಒಬ್ಬನ ಆಟಕ್ಕೆಂದು ಮಾಡಿದ ರಿಪೇರಿ ಇನ್ನೊಬ್ಬನ ಅಕೌಂಟ್ಸ್ ಪ್ರೋಗ್ರಾಂಗೂ ಆಗಿ ಬರುತ್ತದೆ.

ವೈನ್ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. 1993ರಲ್ಲಿ ಶುರುವಾಗಿ, 1994ರಿಂದ ಅಲೆಕ್ಸಾಂಡರ್ ಜೂಲಿಯಾರ್ ಮುಂದಾಳತ್ವದಲ್ಲಿ ನಡೆದುಬಂದ ಈ ಯೋಜನೆಯ 1.0 ಆವೃತ್ತಿ ಬರಲು 2008 ಆಗಬೇಕಾಯಿತು. ಹದಿನೈದು ವರ್ಷ! ಅದು ವಿಂಡೋಸ್ ಯಂತ್ರವನ್ನು ನಕಲು ಮಾಡುವುದಿಲ್ಲ. ಪ್ರೋಗ್ರಾಂ ವಿಂಡೋಸ್‌ಗೆ ಹಾಕುವ ಪ್ರತಿಯೊಂದು ಕರೆಗೂ ತಾನೇ ಓಗೊಟ್ಟು, ಲಿನಕ್ಸ್ ಕೈಯಲ್ಲಿ ಕೆಲಸ ಮಾಡಿಸಿ ಉತ್ತರ ಕೊಡುತ್ತದೆ. ಒಂದು ಚಿಕ್ಕ ಕರೆ ತೆಗೆದುಕೊಳ್ಳಿ: ಫೈಲ್ ತೆರೆ. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದ ವಿಂಡೋಸ್‌ನ ಫೈಲ್ ಹೆಸರುಗಳಿಗಿಲ್ಲ. ಲಿನಕ್ಸ್‌ಗೆ ಅವೆರಡೂ ಬೇರೆ ಬೇರೆ ಫೈಲ್. ವಿಂಡೋಸ್ ಪ್ರೋಗ್ರಾಂ ಬರೆದವನು ಒಂದು ಕಡೆ ದೊಡ್ಡ ಎಲ್ ಹಾಕಿ ಲೆಟರ್ ಎಂಬ ಫೈಲನ್ನು ಉಳಿಸಿ, ಇನ್ನೊಂದು ಕಡೆ ಸಣ್ಣ ಎಲ್ ಹಾಕಿ ಅದನ್ನೇ ತೆರೆದಿರುತ್ತಾನೆ. ಅವನ ಯಂತ್ರದಲ್ಲಿ ಅದು ಎಂದೂ ತೊಂದರೆ ಕೊಟ್ಟಿಲ್ಲ, ಆದ್ದರಿಂದ ತಪ್ಪೆಂದು ಗೊತ್ತೇ ಇಲ್ಲ. ಮಡಿ ಪೋರ್ಟ್‌ನಲ್ಲಿ ಇಂಥ ಜಾಗಗಳನ್ನೆಲ್ಲ ಕೋಡ್‌ನಲ್ಲಿ ಒಂದೊಂದಾಗಿ ಹುಡುಕಿ ತಿದ್ದಬೇಕು, ಒಂದು ತಪ್ಪಿದರೂ ಬಳಕೆದಾರನಿಗೆ ಫೈಲ್ ಸಿಗದು. ವೈನ್ ಮಾಡುವುದು ಇಷ್ಟೆ: ಕೇಳಿದ ಹೆಸರು ಸಿಗದಿದ್ದರೆ ಫೋಲ್ಡರಿನಲ್ಲಿರುವ ಹೆಸರುಗಳನ್ನೆಲ್ಲ ಅಕ್ಷರಭೇದ ಬಿಟ್ಟು ಹೋಲಿಸಿ ನೋಡಿ, ಹೊಂದುವುದನ್ನು ಎತ್ತಿಕೊಡುತ್ತದೆ. ಒಮ್ಮೆ ಒಂದು ಕಡೆ ಬರೆದರೆ ವಿಂಡೋಸ್‌ನ ಎಲ್ಲ ಪ್ರೋಗ್ರಾಂಗಳಿಗೂ ಆಯಿತು.

ವೈನ್ ಪಕ್ಷಕ್ಕೆ ಎದುರಾಗುವ ಗಟ್ಟಿ ಸಾಕ್ಷಿಯೊಂದಿದೆ, ಅದನ್ನು ಮುಚ್ಚಿಡಬಾರದು. ಕೋರೆಲ್ ಕಂಪನಿಯ ವರ್ಡ್‌ಪರ್ಫೆಕ್ಟ್ 8, ಲಿನಕ್ಸ್‌ನ ಸ್ವಂತ ಪ್ರೋಗ್ರಾಂ ಆಗಿ 1998ರಲ್ಲಿ ಬಂದಾಗ ಜನ ಮೆಚ್ಚಿದರು. ಅದೇ ಕಂಪನಿ 2000ದಲ್ಲಿ ತನ್ನ ಇಡೀ ಆಫೀಸ್ ಕಟ್ಟನ್ನು ವೈನ್ ಮೇಲೆ ನಿಲ್ಲಿಸಿ ಲಿನಕ್ಸ್‌ಗೆ ತಂದಾಗ ಅದು ನಿಧಾನ, ಮಾತುಮಾತಿಗೆ ಕುಸಿತ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಕೋರೆಲ್‌ನಲ್ಲಿ 13.5 ಕೋಟಿ ಡಾಲರ್ ಹೂಡಿತು, ಮರುವರ್ಷ ಕೋರೆಲ್ ತನ್ನ ಲಿನಕ್ಸ್ ವ್ಯವಹಾರವನ್ನು ಮಾರಿ ಕೈತೊಳೆದುಕೊಂಡಿತು. ನೋಡಿ, ಮಡಿ ಚೆನ್ನಾಗಿತ್ತು, ಮೈಲಿಗೆ ಕೆಟ್ಟಿತು ಎಂದು ಬೆರಳು ತೋರಿಸುವವರು ಇನ್ನೂ ಇದ್ದಾರೆ. ವೈನ್ ಆಗ ಎಳೆಗೂಸು ಎಂಬುದನ್ನು ಬಿಟ್ಟರೂ, ಮೆಚ್ಚುಗೆ ಪಡೆದ ಆ ವರ್ಡ್‌ಪರ್ಫೆಕ್ಟ್ 8ರ ಗತಿ ಏನಾಯಿತು ಎಂದು ಕೇಳಬೇಕು. ಕೆಲವೇ ವರ್ಷಗಳಲ್ಲಿ ಲಿನಕ್ಸ್‌ನ ಬುಡದ ಲೈಬ್ರರಿಗಳು ಬದಲಾದವು. ಹೊಸ ಲಿನಕ್ಸ್‌ನಲ್ಲಿ ಅದನ್ನು ಎಬ್ಬಿಸಬೇಕಾದರೆ ಹಳೆಯ ಲೈಬ್ರರಿಗಳನ್ನು ಎಲ್ಲೆಲ್ಲಿಂದಲೋ ಹೆಕ್ಕಿ ತರಬೇಕಾಯಿತು. ಅದೇ ಕಾಲದ ಎಷ್ಟೋ ವಿಂಡೋಸ್ ಪ್ರೋಗ್ರಾಂಗಳು ಇವತ್ತು ಇದೇ ಲಿನಕ್ಸ್‌ನಲ್ಲಿ ವೈನ್ ಹಾಕಿದರೆ ತೆರೆದುಕೊಳ್ಳುತ್ತವೆ. ಲಿನಕ್ಸ್‌ಗೆಂದು ಬರೆದದ್ದು ಲಿನಕ್ಸ್‌ನಲ್ಲಿ ಓಡದು, ವಿಂಡೋಸ್‌ಗೆ ಬರೆದದ್ದು ಓಡುತ್ತದೆ!

ಇದನ್ನು ನಾನೊಬ್ಬನೇ ಹೇಳುತ್ತಿಲ್ಲ. ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ 2014ರ ಡೆಬ್‌ಕಾನ್ಫ್ ಸಭೆಯಲ್ಲಿ ಇದನ್ನೇ ತೋಡಿಕೊಂಡರು. ನೀರಿನಾಳಕ್ಕೆ ಇಳಿಯುವ ಡೈವಿಂಗಿನ ದಾಖಲೆ ಇಡಲು ಅವರು ಶುರುಮಾಡಿದ ಸಬ್‌ಸರ್ಫೇಸ್ ಎಂಬ ಪ್ರೋಗ್ರಾಮನ್ನು ವಿಂಡೋಸ್‌ಗೆ, ಮ್ಯಾಕ್‌ಗೆ ಕಟ್ಟಿಕೊಡುವುದು ಸುಲಭ, ಲಿನಕ್ಸ್‌ನ ಹತ್ತಾರು ವಿತರಣೆಗಳಿಗೆ ಕಟ್ಟಿಕೊಡುವುದೇ ತಲೆನೋವು ಎಂಬುದು ಅವರ ಅಳಲಿನ ಸಾರ. ಮನೆ ಯಜಮಾನನೇ ಹೀಗಂದ ಮೇಲೆ, ಹೊರಗಿನ ಕಂಪನಿಗಳು ಪೋರ್ಟ್ ಮಾಡಲಿಲ್ಲ ಎಂದು ವೈನ್ ಮೇಲೆ ಗೂಬೆ ಕೂರಿಸುವುದರಲ್ಲಿ ಅರ್ಥವಿಲ್ಲ. (ಇಷ್ಟಾಗಿಯೂ ಪೋರ್ಟ್ ಎಂಬುದು ಸುಖದ ಹುಚ್ಚು ಎಂಬುದನ್ನು ಒಪ್ಪುತ್ತೇನೆ. ಟಾವಿಸ್ ಓರ್ಮಂಡಿ ಎಂಬ ಭದ್ರತಾ ತಜ್ಞ 2022ರಲ್ಲಿ ಯೂನಿಕ್ಸ್‌ನ ಹಳೆಯ ಲೋಟಸ್ 1-2-3ನ್ನು ಮೂಲ ಕೋಡ್ ಇಲ್ಲದೆಯೇ, ಆಬ್ಜೆಕ್ಟ್ ಫೈಲುಗಳನ್ನು ಮರುಜೋಡಿಸಿ ಲಿನಕ್ಸ್‌ನಲ್ಲಿ ನಡೆಸಿ ತೋರಿಸಿದ. ಶಹಬ್ಬಾಸ್ ಅನ್ನಬೇಕು. ಆದರೆ ಅಂಥ ಸಾಹಸ ನಂಬಿ ಆಫೀಸು ನಡೆಸಲಾಗದು.)

ಪದರಕ್ಕೆ ಅದರದೇ ಮಿತಿಗಳಿವೆ. ಪ್ರೋಗ್ರಾಂ ಜೊತೆಗೆ ಡಾಂಗಲ್ ಅಥವಾ ಸ್ವಂತ ಡ್ರೈವರ್ ಬಂದರೆ ವೈನ್ ಬಹುಮಟ್ಟಿಗೆ ಕೈಚೆಲ್ಲುತ್ತದೆ. ಮೋಸ ತಡೆಯಲು ಸಿಸ್ಟಂನ ಆಳಕ್ಕೆ ಇಳಿಯುವ ಆಟಗಳೂ ಅಷ್ಟೆ. ಕಣ್ಣು ಕಾಣದವರಿಗೆ ಓದಿ ಹೇಳುವ ಸೌಲಭ್ಯ ಪದರದ ಆಚೆಗೆ ಸರಿಯಾಗಿ ದಾಟುವುದಿಲ್ಲ, ಇದು ಸಣ್ಣ ಕೊರತೆಯಲ್ಲ. ದಿನವೂ ಬದಲಾಗುವ ಹೊಸ ಪ್ರೋಗ್ರಾಂಗಳ ಹಿಂದೆ ಪದರ ಏದುಸಿರು ಬಿಡುತ್ತ ಓಡಬೇಕು. ಅಂಥ ಕಡೆ, ಸಾಕುವ ಯಜಮಾನನಿದ್ದರೆ, ಸ್ವಂತ ಪೋರ್ಟೇ ಸರಿ. ಓಪನ್‌ಆಫೀಸ್ ಮ್ಯಾಕ್‌ನಲ್ಲಿ ಬಹಳ ಕಾಲ ಎಕ್ಸ್11 ಎಂಬ ಪರಕೀಯ ಕಿಟಕಿಯೊಳಗೆ ನಡೆದು, 2008ರ ಮೂರನೇ ಆವೃತ್ತಿಯಲ್ಲಿ ಮ್ಯಾಕ್‌ನದೇ ಆದ ರೂಪ ಪಡೆಯಿತು. ಅದರ ನಂತರ ಬಳಸುವುದು ಹಿತವಾಯಿತು. ಅದನ್ನು ಮುಂದೆ ಸಾಕುವವರಿದ್ದರು.

ಈ ವಾದಕ್ಕೂ ಕರ್ನಾಟಕಕ್ಕೂ ನಂಟಿದೆ. ನಮ್ಮಲ್ಲೂ ಒಂದು ಸಿದ್ಧ ಮಾತು ಓಡಾಡುತ್ತದೆ: ನುಡಿ ಲಿನಕ್ಸ್‌ಗೆ ಬಂದಿದ್ದರೆ ಕನ್ನಡದ ಕಚೇರಿಗಳು, ಡಿಟಿಪಿ ಅಂಗಡಿಗಳು ಎಂದೋ ವಿಂಡೋಸ್ ಬಿಡುತ್ತಿದ್ದವು. ನುಡಿ, ಬರಹ ಎರಡೂ ವಿಂಡೋಸ್‌ಗೆಂದು ಹುಟ್ಟಿದ ಕನ್ನಡ ಬೆರಳಚ್ಚಿನ ತಂತ್ರಾಂಶಗಳು ನಿಜ. ಆದರೆ ನುಡಿಯಲ್ಲಿ ಜನರಿಗೆ ಬೇಕಾಗಿದ್ದುದು ಏನು? ಮೊದಲನೆಯದು ಕೀಲಿಮಣೆ ವಿನ್ಯಾಸ. ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತ, ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಕಗಪ ಎಂದು ಕರೆಸಿಕೊಳ್ಳುವ ಆ ವಿನ್ಯಾಸ ಲಿನಕ್ಸ್‌ಗೆ ಬಂದು ವರ್ಷಗಳೇ ಆದವು. ಸಿಸ್ಟಂನ ಕೀಲಿಮಣೆ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕಗಪ ಇದೆ, ಆಯ್ದುಕೊಂಡರೆ ಮುಗಿಯಿತು. ಯಾವ ಕೀಲಿಗೆ ಯಾವ ಅಕ್ಷರ ಎಂಬ ಒಂದು ಚಿಕ್ಕ ಕೋಷ್ಟಕ ಅಷ್ಟೆ. ಬೆರಳುಗಳ ರೂಢಿ ದಾಟಿ ಬಂತು, ತಂತ್ರಾಂಶ ಬರಬೇಕಾಗಿಯೇ ಇರಲಿಲ್ಲ.

ದಾಟದೆ ಉಳಿದದ್ದು ಎರಡನೆಯದು, ಹಳೆಯ ಕಡತಗಳು. ನುಡಿ ಫಾಂಟಿನಲ್ಲಿ ಕನ್ನಡ ಎಂದು ಬೆರಳಚ್ಚಿಸಿ ಉಳಿಸಿದ ಹಳೆಯ ಫೈಲಿನ ಒಳಗೆ ಕನ್ನಡ ಇರುವುದಿಲ್ಲ. ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೀಟಿರುವ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಗೀಟಿನ ಎ, ಜರ್ಮನ್ನರ ಎಸ್ಸೆಟ್, ಸಣ್ಣ ಕ್ಯೂ, ಇನ್ನೊಮ್ಮೆ ಗೀಟಿನ ಎ, ಹೀಗೆ ಏಳು ಚಿಹ್ನೆ ಕೂತಿರುತ್ತವೆ. ಫಾಂಟ್ ಅವುಗಳ ಮೇಲೆ ಕನ್ನಡದ ಆಕಾರ ಹೊದಿಸುತ್ತದೆ. ಫಾಂಟನ್ನು ಲಿನಕ್ಸ್ ಯಂತ್ರಕ್ಕೆ ಹಾಕಿದರೆ ಅಲ್ಲೂ ಚೆನ್ನಾಗಿಯೇ ಕಾಣುತ್ತದೆ. ಹುಡುಕಲು ಹೋದರೆ ಸಿಗುವುದಿಲ್ಲ, ಫಾಂಟ್ ಬದಲಿಸಿದರೆ ಗೀಟಿನ ಎಗಳ ಸಾಲು ಎದ್ದು ಕೂರುತ್ತದೆ. ನುಡಿಯನ್ನು ಎಷ್ಟೇ ಮಡಿಯಾಗಿ ಪೋರ್ಟ್ ಮಾಡಿದರೂ ಈ ಫೈಲುಗಳು ಹೀಗೆಯೇ ಇರುತ್ತಿದ್ದವು. ಇವನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳನ್ನು ಸ್ವಯಂಸೇವಕರು ಬರೆದಿಟ್ಟಿದ್ದಾರೆ. ತಿರುಗಿಸಿದ ಮೇಲೂ ಕಣ್ಣಿಟ್ಟು ತಿದ್ದಬೇಕು: ರ‍್ಯಾಂಕ್ ಎಂದು ಬರೆದದ್ದು ರ್ಯಾಂಕ್ ಎಂದು ಅರ್ಕಾವೊತ್ತಿಗೆ ಹೊರಳಿರುತ್ತದೆ. ಎರಡರ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ, ಪರಿವರ್ತಕ ಅದನ್ನು ಹಾಕಲು ಮರೆತರೆ ಅಚ್ಚಿನಲ್ಲಿ ತಪ್ಪು ಉಳಿಯುತ್ತದೆ. ಈ ತಿದ್ದುವ ಕೆಲಸಕ್ಕೆ ಪ್ರೋಗ್ರಾಂ ಬಲ್ಲವರಿಗಿಂತ ಕನ್ನಡ ಬಲ್ಲ ಕರಡು ತಿದ್ದುವವರು ಬೇಕು, ಅವರಿಗೆ ಸಂಬಳ ಬೇಕು.

ನುಡಿಯ ಲಿನಕ್ಸ್ ಆವೃತ್ತಿ ಬೇಕೆಂದು ಸರ್ಕಾರಕ್ಕೆ ಮನವಿ ಬರೆಯುವವರಲ್ಲಿ ನನ್ನದೊಂದು ಕೋರಿಕೆ: ಆ ಬೇಡಿಕೆಯನ್ನು ಬಿಡಿ. ಅದರ ಬದಲು ಇಲಾಖೆಗಳ, ವಿಶ್ವವಿದ್ಯಾಲಯಗಳ, ಅಕಾಡೆಮಿಗಳ ಹಳೆಯ ನುಡಿ ಕಡತಗಳನ್ನು ಯುನಿಕೋಡ್‌ಗೆ ತಂದು ತಿದ್ದಿಸಲು ಹಣ ಕೇಳಿ, ಹೊಸ ಕಡತ ಯಾವುದೂ ಹಳೆಯ ಎನ್‌ಕೋಡಿಂಗಿನಲ್ಲಿ ಹುಟ್ಟದಂತೆ ನೋಡಿಕೊಳ್ಳಲು ಕೇಳಿ. ತೀರ ಬಿಡಲಾಗದ ಹಳೆಯ ವಿಂಡೋಸ್ ಪ್ರೋಗ್ರಾಂ ಒಂದೆರಡು ಉಳಿದರೆ ಅವನ್ನು ವೈನ್‌ನಲ್ಲಿ ನಡೆಸಿ ನೋಡಿ.